ಹಬ್ಬದ ಆಡಿನ ಚರ್ಮ, ಬದುವಿನ ತಂಗಡಿ



ಹಬ್ಬಕ್ಕೋ ಮದುವೆಗೋ ಮನೆಯಲ್ಲಿ ಒಂದು ಹೋತ ಕಡಿದರೆ ಎಲ್ಲದಕ್ಕೂ ಲೆಕ್ಕ ಇರುತ್ತದೆ. ಮಾಂಸ ಯಾರಿಗೆ ಎಷ್ಟು, ತಲೆ ಯಾರ ಮನೆಗೆ, ಕಾಲು ಬಾಣಂತಿಯ ಸಾರಿಗೆ, ಬೋಟಿ ಮರುದಿನಕ್ಕೆ. ಚರ್ಮದ ಮಾತು ಬಂದಾಗ ಮಾತ್ರ "ಕಡಿದವನೇ ತಗೊಂಡು ಹೋಗಲಿ ಬಿಡಿ" ಎನ್ನುತ್ತೇವೆ. ಈಗೀಗ ಅವನೂ ಎಲ್ಲ ಕಡೆ ಒಯ್ಯುವುದಿಲ್ಲ. ಆಗ ಅದು ಕೆರೆ ಏರಿಯ ಹಿಂದೆ ಬೀಳುತ್ತದೆ, ನಾಯಿಗಳು ಎಳೆದಾಡುತ್ತವೆ, ನಾಲ್ಕು ದಿನ ಆ ದಾರಿಯಲ್ಲಿ ಮೂಗು ಮುಚ್ಚಿಕೊಂಡು ಹೋಗಬೇಕಾಗುತ್ತದೆ.

ಮಡಕಶಿರಾ, ರಾಯದುರ್ಗದ ಈ ಸೀಮೆಯಲ್ಲಿ ಆಡು ಕುರಿಗೆ ಕೊರತೆಯಿಲ್ಲ. ಆ ಚರ್ಮವನ್ನು ಕೊಳೆಯದ ಹಾಗೆ ಮಾಡುವ ಮದ್ದಿಗೂ ಕೊರತೆಯಿಲ್ಲ. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ತಂಗಡಿ ಗಿಡವೇ ಆ ಮದ್ದು. ಮೈಸೂರು ಕಡೆಯವರು ಆವರಿಕೆ ಎನ್ನುತ್ತಾರೆ, ತೆಲುಗಿನವರು ತಂಗೇಡು ಎನ್ನುತ್ತಾರೆ. ತೆಲಂಗಾಣ ರಾಜ್ಯ ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡದ್ದು ಇದನ್ನೇ. ಇಂಗ್ಲಿಷಿನಲ್ಲಿ ಇದಕ್ಕೆ 'ಟ್ಯಾನರ್ಸ್ ಕ್ಯಾಸಿಯಾ' ಎಂದು ಹೆಸರು, ಅಂದರೆ ಚರ್ಮ ಹದ ಮಾಡುವವರ ಗಿಡ. ಹಳೆಯ ಮದರಾಸು ಪ್ರಾಂತದಿಂದ ಹಡಗು ಹತ್ತಿ ವಿಲಾಯತಿಗೆ ಹೋಗುತ್ತಿದ್ದ ಲಕ್ಷಾಂತರ ತೊಗಲುಗಳು ಹೆಚ್ಚಾಗಿ ಈ ಗಿಡದ ತೊಗಟೆಯಲ್ಲೇ ನೆನೆದಂಥವು. ಆಡು ಇದನ್ನು ತಿನ್ನುವುದಿಲ್ಲ. ಆಡು ಬಾಯಿ ಹಾಕದ ಕಾರಣಕ್ಕೇ ಇದು ಬದುಗಳಲ್ಲಿ ಉಳಿದುಕೊಂಡಿದೆ. ಅದೇ ಆಡಿನ ಚರ್ಮವನ್ನು ಕಾಯುವುದೂ ಇದೇ!

ಈ ಸಲ ಚರ್ಮ ಹದ ಮಾಡುವ ಹಳೆಯ ಕ್ರಮವನ್ನು ಬರೆಯಿರೆಂದು ಕೆಲವರು ಕೇಳಿದ್ದಾರೆ. ಬರೆಯುತ್ತೇವೆ. ಆದರೆ ಕ್ರಮಕ್ಕಿಂತ ಮೊದಲು ಯಾವ ಚರ್ಮವನ್ನು ಮುಟ್ಟಬಾರದು ಎಂಬುದನ್ನು ತಿಳಿಯಬೇಕು. ಈ ಭಾಗವನ್ನು ಬಿಟ್ಟು ಮುಂದಿನದನ್ನು ಮಾತ್ರ ಓದುವವರು ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ.

ಮುಟ್ಟಬಾರದ ಚರ್ಮ

ಸಂಜೆ ಮೇದು ಬಂದ ಕುರಿ ಬೆಳಿಗ್ಗೆ ರೊಪ್ಪದಲ್ಲಿ ಸತ್ತು ಬಿದ್ದಿರುತ್ತದೆ. ಹೊಟ್ಟೆ ಊದಿರುತ್ತದೆ. ಮೂಗು, ಬಾಯಿ, ಹಿಂಭಾಗದಿಂದ ಕಪ್ಪಾದ ರಕ್ತ ಸೋರಿರುತ್ತದೆ, ಆ ರಕ್ತ ಹೆಪ್ಪುಗಟ್ಟಿರುವುದಿಲ್ಲ. ಸತ್ತು ಎಷ್ಟೋ ಹೊತ್ತಾದರೂ ಮೈ ಸರಿಯಾಗಿ ಸೆಟೆದಿರುವುದಿಲ್ಲ. ಇಂಥ ಸಾವು ನೆರಡಿ ರೋಗದ್ದಿರಬಹುದು. ಡಾಕ್ಟರರು ಇದನ್ನೇ ಆಂಥ್ರಾಕ್ಸ್ ಎನ್ನುತ್ತಾರೆ. "ಮಾಂಸ ಹೋದರೂ ಚರ್ಮವಾದರೂ ಬರಲಿ" ಎಂಬ ಆಸೆ ಇಲ್ಲಿ ಪ್ರಾಣಕ್ಕೆ ಬರುತ್ತದೆ. ಅದನ್ನು ಸುಲಿಯಬಾರದು, ಕೊಯ್ಯಬಾರದು, ಹೊಟ್ಟೆ ಬಗೆದು ನೋಡಲೂಬಾರದು.

ಕಾರಣ ಹೀಗೆ. ಈ ರೋಗದ ಅಣುಜೀವಿಗೆ ಪ್ರಾಣಿಯ ಮೈಯೊಳಗೆ ಇರುವಷ್ಟು ಹೊತ್ತು ಅಂಥ ಬಲವಿಲ್ಲ. ಹೆಣವನ್ನು ಕೊಯ್ದು ರಕ್ತಕ್ಕೆ ಗಾಳಿ ತಾಗಿಸಿದರೆ ಅದು ಗಟ್ಟಿ ಕವಚ ಹೊದ್ದು ಬೀಜದಂತೆ ಕುಳಿತುಬಿಡುತ್ತದೆ. ಆ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಜರ್ಮನಿಯ ರಾಬರ್ಟ್ ಕಾಖ್ 1876ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಲೋಕಕ್ಕೆ ತೋರಿಸಿದರು. ಉಪ್ಪು ಹಾಕಿದರೆ ಅದು ಸಾಯುವುದಿಲ್ಲ, ಬಿಸಿಲಿಗೆ ಒಣಗಿಸಿದರೂ ಸಾಯುವುದಿಲ್ಲ. ಸುಣ್ಣದ ನೀರು, ತಂಗಡಿ ತೊಗಟೆಯ ನೀರು ಅದನ್ನು ಖಂಡಿತ ಕೊಲ್ಲುತ್ತವೆ ಎಂದು ನೆಚ್ಚುವಂತಿಲ್ಲ. ಆದ್ದರಿಂದ "ಹದ ಮಾಡಿದರೆ ಎಲ್ಲ ಹೋಗುತ್ತದೆ" ಎಂಬ ಮಾತನ್ನು ಯಾರು ಹೇಳಿದರೂ ಕೇಳಬೇಡಿ.

ಇಂಥ ಪ್ರಾಣಿಯನ್ನು ಇದ್ದಲ್ಲೇ ಬಿಟ್ಟು, ನಾಯಿ ಕಾಗೆ ಮುಟ್ಟದಂತೆ ಕಾದು, ಪಶುವೈದ್ಯರಿಗೆ ತಿಳಿಸಬೇಕು. 1962 ಸಂಖ್ಯೆಗೆ ಫೋನು ಮಾಡಿದರೆ ಪಶು ಆಸ್ಪತ್ರೆಯ ವಾಹನದವರು ಸಿಗುತ್ತಾರೆ. ಅವರು ಹೇಳಿದಂತೆ ಸುಡಬೇಕು, ಇಲ್ಲವೇ ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಇಡಿಯಾಗಿ ಹೂಳಬೇಕು. ರಕ್ತ ಬಿದ್ದ ಮಣ್ಣನ್ನೂ ಕೆರೆದು ಗುಂಡಿಗೇ ಹಾಕಬೇಕು. ಉಳಿದ ಮಂದೆಗೆ ಲಸಿಕೆ ಇದೆ. ರೋಗ ಒಮ್ಮೆ ಕಂಡ ಊರಿನಲ್ಲಿ ವರ್ಷ ವರ್ಷವೂ ಅದನ್ನು ಹಾಕಿಸುವುದೇ ಕ್ಷೇಮ.

ಮನುಷ್ಯರಿಗೆ ಇದು ಹೆಚ್ಚಾಗಿ ಕೈಯ ಗಾಯದ ಮೂಲಕ ಬರುತ್ತದೆ. ಮೊದಲು ಸೊಳ್ಳೆ ಕಚ್ಚಿದಂಥ ತುರಿಕೆಯ ಗುಳ್ಳೆ. ಒಂದೆರಡು ದಿನದಲ್ಲಿ ಅದು ನೀರ್ಗುಳ್ಳೆಯಾಗಿ ಒಡೆದು, ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ಸುತ್ತ ಬಾವು ಬರುತ್ತದೆ. ನೋವು ಮಾತ್ರ ಇರುವುದಿಲ್ಲ. ನೋವಿಲ್ಲವೆಂದೇ ನಮ್ಮವರು ಸುಮ್ಮನಿರುತ್ತಾರೆ, ಅಪಾಯ ಇರುವುದು ಅಲ್ಲೇ. ಚರ್ಮ, ಉಣ್ಣೆ, ಮಾಂಸ ಮುಟ್ಟಿದವರಿಗೆ ಇಂಥ ಹುಣ್ಣಾದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, "ನಾನು ಚರ್ಮದ ಕೆಲಸ ಮಾಡಿದ್ದೆ" ಎಂದು ಬಾಯಿ ಬಿಟ್ಟು ಹೇಳಬೇಕು. ಹೊತ್ತಿಗೆ ಸರಿಯಾಗಿ ಔಷಧ ಸಿಕ್ಕರೆ ಇದು ಪೂರ್ತಿ ವಾಸಿಯಾಗುವ ಕಾಯಿಲೆ.

ಹಾಗಾಗಿ ಈ ಲೇಖನದಲ್ಲಿ ಹೇಳುವ ಕ್ರಮವೆಲ್ಲ ಆರೋಗ್ಯವಾಗಿದ್ದು, ಮನೆಯವರ ಕಣ್ಣೆದುರೇ ಕಡಿದ ಆಡು ಕುರಿಯ ಚರ್ಮಕ್ಕೆ ಮಾತ್ರ. ದನದ ಚರ್ಮದ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದು ನಮ್ಮ ಇಂದಿನ ವಿಷಯವಲ್ಲ. ಜಿಂಕೆ ಮೊದಲಾದ ಕಾಡುಪ್ರಾಣಿಗಳ ಚರ್ಮವನ್ನಂತೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ.

ಊರ ಹೊರಗಿನವರ ವಿದ್ಯೆ

ಪಂಪುಸೆಟ್ಟು ಬರುವ ಮುಂಚೆ ನಮ್ಮ ಬೇಸಾಯ ನಿಂತದ್ದೇ ತೊಗಲಿನ ಮೇಲೆ. ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ, ಅದರ ಸೊಂಡಿಲು, ಮಿಣಿ, ಬಾರುಕೋಲು, ಕಮ್ಮಾರನ ತಿದಿ, ಕಾಲಿನ ಮೆಟ್ಟು ಎಲ್ಲವೂ ತೊಗಲು. ಇದನ್ನೆಲ್ಲ ಮಾಡಿ ಕೊಡುತ್ತಿದ್ದವರು ಮಾದಿಗರ ಕೇರಿಯವರು. ಸುಗ್ಗಿಯಲ್ಲಿ ಕಣದ ಬಳಿ ನಿಂತು ಆಯ ಪಡೆಯುತ್ತಿದ್ದರು. ಅವರು ಹೊಲಿದ ಬಾನಿಯ ನೀರು ಊರಿನ ಗದ್ದೆಗೆಲ್ಲ ಬೇಕಿತ್ತು, ಅವರು ಮುಟ್ಟಿದ ಬಿಂದಿಗೆಯ ನೀರು ಮಾತ್ರ ಬೇಡವಾಗಿತ್ತು. ಈ ಅನ್ಯಾಯವನ್ನು ಮರೆತು ಹಳೆಯ ಕಸುಬನ್ನು ಹೊಗಳುವುದು ನಮಗೆ ಸರಿಕಾಣುವುದಿಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾ ಬಳಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದದ್ದನ್ನು ದೇಶವೆಲ್ಲ ನೋಡಿತು. ಕೇರಿಯ ಮಕ್ಕಳು ಓದಿ ಬೇರೆ ಕೆಲಸಗಳಿಗೆ ಹೋಗಿದ್ದಾರೆ, ಹೋಗಬೇಕಾದದ್ದೇ. ಯಾರನ್ನೂ ಹಿಂದಕ್ಕೆ ಕರೆಯುವುದು ನಮ್ಮ ಉದ್ದೇಶವಲ್ಲ.

ಆದರೆ ಕೆಲಸದಲ್ಲಿ ಹೊಲೆ ಇರಲಿಲ್ಲ. ಹೊಲೆ ಇದ್ದದ್ದು ನೋಡುವವರ ಕಣ್ಣಿನಲ್ಲಿ. ಯೊಪ್ಪ ಪಟ್ಟಣದಲ್ಲಿ ಸಂತ ಪೇತ್ರರು ಬಹಳ ದಿನ ತಂಗಿದ್ದದ್ದು ಕಡಲ ದಡದ ಸಿಮೋನನ ಮನೆಯಲ್ಲಿ. ಆ ಸಿಮೋನನೂ ಚರ್ಮ ಹದ ಮಾಡುವವನೇ. ಆ ಕಾಲದ ಯೆಹೂದ್ಯರಲ್ಲೂ ಈ ಕಸುಬನ್ನು ಕೀಳಾಗಿ ಕಾಣುತ್ತಿದ್ದರು. ನೀರು ಬೇಕು, ವಾಸನೆ ಊರಿಗೆ ಬರಬಾರದು ಎಂದು ಅವನ ಮನೆ ಕಡಲ ಕಡೆಗಿದ್ದಿರಬಹುದು ಎಂದು ನಾವು ಊಹಿಸುತ್ತೇವೆ. ಕಸುಬು ಬಲ್ಲವರಿಗೆ ಆ ಒಂದು ವಿವರ ಸಾಕು.

ನಮ್ಮಲ್ಲಿ ಈ ವಿದ್ಯೆ ಕೈಯಾರೆ ಬಲ್ಲ ಹಿರಿಯರು ಈಗ ಬೆರಳೆಣಿಕೆಯಷ್ಟು. ಅಂಥವರೊಬ್ಬರು ಎತ್ತಿನ ದೊಡ್ಡ ಚರ್ಮವನ್ನು ಹದ ಮಾಡುತ್ತಿದ್ದ ರೀತಿಯನ್ನು ನಮಗೆ ವಿವರಿಸಿದರು. ಸುಣ್ಣದಲ್ಲಿ ಕೂದಲು ತೆಗೆದ ಚರ್ಮವನ್ನು ಚೀಲದಂತೆ ಹೊಲಿದು, ಮೂರು ಗಳುಗಳ ಮುಕ್ಕಾಲಿಗೆ ನೇತುಹಾಕುತ್ತಿದ್ದರು. ಒಳಗೆ ಕುಟ್ಟಿದ ತೊಗಟೆ ತುಂಬಿ ಅದೇ ತೊಗಟೆಯ ನೀರು ಹೊಯ್ಯುತ್ತಿದ್ದರು. ನೀರು ಚರ್ಮದ ಮೂಲಕ ಹನಿಹನಿಯಾಗಿ ಜಿನುಗಿ ಕೆಳಗಿನ ಬಾನಿಗೆ ಬೀಳುವುದು, ಅದನ್ನೇ ಮತ್ತೆ ಎತ್ತಿ ಹೊಯ್ಯುವುದು. ಕೆಲವು ದಿನ ಕಳೆದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಇನ್ನೊಂದು ತುದಿಯಿಂದ ತುಂಬುವುದು. ಚರ್ಮವೇ ತನ್ನ ಪಾತ್ರೆ, ತನ್ನ ಸೋಸುಬಟ್ಟೆ ಎರಡೂ ಆಗುತ್ತಿತ್ತು. ತೊಟ್ಟಿ ಕಟ್ಟುವ ಶಕ್ತಿ ಇಲ್ಲದವರು ಕಂಡುಕೊಂಡ ಉಪಾಯವಿದು. ಇದರಲ್ಲಿರುವ ಜಾಣತನ ಯಾವ ಕಾರ್ಖಾನೆಗೂ ಕಡಿಮೆಯದಲ್ಲ ಎಂದು ನಮಗನ್ನಿಸಿತು.

ಒಂದು ಆಡಿನ ಚರ್ಮಕ್ಕೆ ಇಷ್ಟೆಲ್ಲ ಬೇಡ. ಎರಡು ಮಣ್ಣಿನ ಗುಡಾಣ ಅಥವಾ ಪ್ಲಾಸ್ಟಿಕ್ ಡ್ರಮ್ಮು ಸಾಕು.

ಹದವೆಂದರೆ ಏನು

ಎಳೆಯ ಬಾಳೆಕಾಯಿ ಕಚ್ಚಿದರೆ ನಾಲಿಗೆ ಬಿಗಿದಂತಾಗುತ್ತದಲ್ಲವೇ? ಆ ಒಗರೇ ಟ್ಯಾನಿನ್. ನಾಲಿಗೆಯ ಮೇಲೆ ಒಂದು ಗಳಿಗೆ ಮಾಡುವ ಕೆಲಸವನ್ನೇ ಅದು ಚರ್ಮದ ಮೇಲೆ ವಾರಗಟ್ಟಲೆ ಮಾಡುತ್ತದೆ. ಹಸಿ ಚರ್ಮವೆಂದರೆ ಸಣ್ಣ ಸಣ್ಣ ನಾರುಗಳ ಹೆಣಿಗೆ. ನೀರಿನಲ್ಲಿಟ್ಟರೆ ಕೊಳೆಯುತ್ತದೆ, ಕುದಿಸಿದರೆ ಅಂಟಾಗುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಒಗರು ಒಂದೊಂದು ನಾರನ್ನೂ ಹಿಡಿದುಕೊಂಡ ಮೇಲೆ ಅದು ಕೊಳೆಯದು, ಮಡಚಿದರೆ ಬಾಗುತ್ತದೆ. ತಂಗಡಿಯ ಒಣ ತೊಗಟೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಒಗರಿದೆ. ಕರಿಜಾಲಿಯಲ್ಲಿ 12ರಿಂದ 20. ಆದರೆ ಅದರ ತೊಗಲು ಕಪ್ಪಾಗಿ ಒರಟಾಗುತ್ತದೆ. ಅಳಲೆಕಾಯಿಯಲ್ಲಿ 30ಕ್ಕೂ ಹೆಚ್ಚು. ನೀಲಗಿರಿಯ ಕಡೆಯವರು ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಬಂದ ವಾಟಲ್ ಮರದ ತೊಗಟೆಯನ್ನು ಬಳಸುತ್ತಾರೆ. ನಮ್ಮ ಸೀಮೆಗೆ ತಂಗಡಿಯೇ ಸರಿ. ಅದರ ತೊಗಲು ತಿಳಿ ಬಣ್ಣದ್ದು, ಮಿದು.

ತೊಗಟೆಗಾಗಿ ಗಿಡವನ್ನು ಬೇರು ಸಮೇತ ಕೀಳಬೇಡಿ. ಹೆಬ್ಬೆರಳು ಗಾತ್ರದ ಕೊಂಬೆಗಳನ್ನು ನೆಲದಿಂದ ಒಂದು ಗೇಣು ಬಿಟ್ಟು ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ. ಮೂರು ಗಿಡದಲ್ಲಿ ಒಂದನ್ನು ಕೊಯ್ದು ಎರಡನ್ನು ಬಿಡಿ. ಮಳೆ ಬಿದ್ದ ಮೇಲೆ ರಸ ಏರಿರುವಾಗ ತೊಗಟೆ ಸಲೀಸಾಗಿ ಬಿಡುತ್ತದೆ. ಎಲೆಯನ್ನು ಗದ್ದೆಗೆ ಹಸಿರುಗೊಬ್ಬರ ಮಾಡಿ. (ತಂಗಡಿ ಹೂವಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆಂದು ನಂಬಿ ಮಾತ್ರೆ ಬಿಟ್ಟವರು ನಮ್ಮಲ್ಲಿದ್ದಾರೆ. ಕಷಾಯ ಕುಡಿಯುವುದಿದ್ದರೆ ಡಾಕ್ಟರರನ್ನು ಕೇಳಿ ಕುಡಿಯಿರಿ, ಮಾತ್ರೆ ಬಿಡಬೇಡಿ.)

ಸುಲಿದದ್ದರಿಂದ ಸುಣ್ಣದವರೆಗೆ

ಚರ್ಮ ಕೆಡುವುದು ಹೆಚ್ಚಾಗಿ ಸುಲಿಯುವಾಗಲೇ. ಆಡನ್ನು ನೇತುಹಾಕಿ, ಹೊಟ್ಟೆಯ ನಡುಗೆರೆಯಲ್ಲಿ ಒಮ್ಮೆ ಚಾಕು ಆಡಿಸಿದ ಮೇಲೆ ಉಳಿದದ್ದನ್ನು ಮುಷ್ಟಿಯಿಂದ ಗುದ್ದಿ ಬಿಡಿಸಬೇಕು. ಚಾಕು ತಾಗಿ ತೂತಾದರೆ ಹೊಲಿದು ಮುಚ್ಚಬಹುದೇ ಹೊರತು ಮಾಯುವುದಿಲ್ಲ. ಮುಳ್ಳುತಂತಿಯ ಗೀರು, ಉಣ್ಣೆ ಕಚ್ಚಿದ ಕಲೆ, ಸಿಡುಬಿನ ಗುರುತು, ಬರೆ ಹಾಕಿದ ಕಲೆ ಎಲ್ಲವೂ ಹದವಾದ ಮೇಲೆ ಎದ್ದು ಕಾಣುತ್ತವೆ. ಆಡು ಬದುಕಿದ್ದಾಗ ಅದನ್ನು ನೋಡಿಕೊಂಡ ರೀತಿಗೆ ಅದರ ತೊಗಲೇ ಸಾಕ್ಷಿ.

ನಮ್ಮ ಬಿಸಿಲಿಗೆ ನಾಲ್ಕೈದು ಗಂಟೆಯಲ್ಲೇ ಕೊಳೆಯುವುದು ಶುರುವಾಗುತ್ತದೆ. ಹಬ್ಬದ ದಿನ ಯಾರಿಗೂ ಬಿಡುವಿರುವುದಿಲ್ಲ, ಆದ್ದರಿಂದ ಉಪ್ಪು ಹಾಕಿಡಿ. ರಕ್ತ ತೊಳೆದು, ನೀರು ಬಸಿದು, ಮಾಂಸದ ಬದಿ ಮೇಲೆ ಬರುವಂತೆ ನೆರಳಿನಲ್ಲಿ ಹರಡಿ, ಎರಡು ಕಿಲೋ ಚರ್ಮಕ್ಕೆ ಒಂದು ಕಿಲೋ ಪುಡಿ ಉಪ್ಪನ್ನು ಅಂಚು ಮೂಲೆ ಬಿಡದೆ ಉಜ್ಜಿ. ಮರುದಿನ ಮಡಚಿಟ್ಟರೆ ಕೆಲವು ವಾರ ಕೆಡುವುದಿಲ್ಲ. ಹಸಿ ಚರ್ಮವನ್ನು ಉರಿಬಿಸಿಲಿಗೆ ಹಾಕುವುದು ತಪ್ಪು. ಮೇಲೆ ಒಣಗಿ ಒಳಗೆ ಕೊಳೆಯುತ್ತದೆ, ಸುಣ್ಣಕ್ಕೆ ಹಾಕಿದ ದಿನ ಕೈಯಲ್ಲೇ ಕಿತ್ತು ಬರುತ್ತದೆ.

ಕೆಲಸ ಹಿಡಿಯುವ ದಿನ ಉಪ್ಪನ್ನು ಕೊಡವಿ, ಚರ್ಮವನ್ನು ರಾತ್ರಿಯಿಡೀ ನೀರಲ್ಲಿಟ್ಟು ಎರಡು ಮೂರು ಸಲ ನೀರು ಬದಲಾಯಿಸಿ. ಆಮೇಲೆ ಹತ್ತು ಲೀಟರು ನೀರಿಗೆ ಕಾಲು ಕಿಲೋದಷ್ಟು ಅರಳಿಸಿದ ಸುಣ್ಣ ಕದಡಿ, ಚರ್ಮ ಪೂರ್ತಿ ಮುಳುಗುವಂತೆ ಹಾಕಿ. ಸುಣ್ಣವನ್ನು ಇನ್ನಷ್ಟು ಸುರಿದರೆ ಬೇಗ ಆಗುತ್ತದೆಂಬುದು ಭ್ರಮೆ. ನೀರಿಗೆ ಕರಗುವುದೇ ಸ್ವಲ್ಪ, ಉಳಿದದ್ದು ತಳದಲ್ಲಿ ಕೂರುತ್ತದೆ. ದಿನಕ್ಕೆ ಎರಡು ಸಲ ಕೋಲಿನಿಂದ ಎತ್ತಿ, ಸುಣ್ಣ ಕದಡಿ, ಮತ್ತೆ ಇಳಿಸಿ. ಐದರಿಂದ ಏಳು ದಿನಕ್ಕೆ ಹೆಬ್ಬೆರಳಿನಿಂದ ತಳ್ಳಿದರೆ ಕೂದಲು ಜಾರುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಶುದ್ಧ ನೀರಿನಿಂದ ಇಪ್ಪತ್ತು ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಓಡಬೇಕು. ರಬ್ಬರಿನ ಕೈಗವಸು ಹಾಕಿಕೊಳ್ಳಿ. ಧನುರ್ವಾಯುವಿನ ಸೂಜಿ ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ನೆನಪಿಲ್ಲದವರು ಮೊದಲು ಅದನ್ನು ಹಾಕಿಸಿಕೊಳ್ಳಿ.

ಕೂದಲು ಕೆರೆಯಲು ನಯವಾದ ಮರದ ದಿಮ್ಮಿಯ ಮೇಲೆ ಚರ್ಮ ಹಾಸಿ, ಮೊಂಡು ಚಾಕಿನಿಂದ ತಳ್ಳಬೇಕು. ಮಗುಚಿ ಹಾಕಿ ಮಾಂಸದ ಬದಿಯ ಕೊಬ್ಬು, ಪೊರೆ ತೆಗೆಯಬೇಕು. ಕೂದಲು ಒಳ್ಳೆಯ ಗೊಬ್ಬರ. ನಿಧಾನಕ್ಕೆ ಕರಗುತ್ತದೆ, ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಕೊಬ್ಬನ್ನು ನಾಯಿಗೆ ಸಿಗದಷ್ಟು ಆಳಕ್ಕೆ ಹೂಳಿ.

ಇನ್ನು ಸುಣ್ಣ ಇಳಿಸುವುದು. ಎಷ್ಟು ತೊಳೆದರೂ ಚರ್ಮದ ಒಳಗಿನ ಸುಣ್ಣ ಹೋಗುವುದಿಲ್ಲ. ಅದು ಉಳಿದರೆ ಒಗರು ಹಿಡಿಯುವುದಿಲ್ಲ, ತೊಗಲು ಬಿರುಸಾಗುತ್ತದೆ. ಹಿಂದೆ ಇದಕ್ಕೆ ಪಾರಿವಾಳದ ಹಿಕ್ಕೆ, ನಾಯಿಯ ಮಲ ಕೂಡ ಬಳಸುತ್ತಿದ್ದರು. ಆ ಸಹವಾಸ ಬೇಡ. ಕಾಲು ಕಿಲೋ ತೌಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಒಂದು ದಿನ ಹುಳಿಬರಿಸಿ, ಅದರಲ್ಲಿ ಚರ್ಮವನ್ನು ರಾತ್ರಿ ಇಡಿ. ತೌಡಿನ ಹುಳಿಗೆ ಸುಣ್ಣ ಸೋಲುತ್ತದೆ. ಬೆಳಿಗ್ಗೆ ಚರ್ಮ ಒದ್ದೆ ಬಟ್ಟೆಯಂತೆ ಜೋಲುತ್ತಿರಬೇಕು. ಹೆಬ್ಬೆರಳು ಒತ್ತಿದರೆ ಗುರುತು ಹಾಗೇ ಉಳಿಯಬೇಕು. ಆಗ ತೆಗೆದು ತೊಳೆಯಿರಿ. ಹೆಚ್ಚು ಹೊತ್ತು ಬಿಟ್ಟರೆ ಚರ್ಮವೇ ಕರಗಲು ಶುರುವಾಗುತ್ತದೆ.

ತಂಗಡಿಯ ನೀರು

ಒಂದು ಚರ್ಮಕ್ಕೆ ಒಟ್ಟು ಮೂರು ಕಿಲೋ ಒಣ ತೊಗಟೆ ಬೇಕು. ಒನಕೆಯಲ್ಲಿ ಕುಟ್ಟಿ ಮೂರು ಪಾಲು ಮಾಡಿ. ಮೊದಲ ಪಾಲನ್ನು ಚರ್ಮ ಮುಳುಗುವಷ್ಟು ನೀರಿನಲ್ಲಿ ಎರಡು ದಿನ ನೆನೆಹಾಕಿ. ಅದರ ತೆಳು ನೀರಿನಲ್ಲಿ ಚರ್ಮ ಇಳಿಸಿ, ಮೊದಲ ದಿನವೆಲ್ಲ ಬಿಡುವಾದಾಗಲೆಲ್ಲ ಎತ್ತಿ ತಿರುವಿ. ನಾಲ್ಕು ದಿನ ಕಳೆದ ಮೇಲೆ ಎರಡನೆಯ ಪಾಲು, ಮತ್ತೆ ಒಂದು ವಾರಕ್ಕೆ ಮೂರನೆಯದು. ಮೊದಲೇ ಎಲ್ಲ ತೊಗಟೆ ಸುರಿದು ಕಡಕ್ ನೀರು ಮಾಡುವ ಅವಸರವೇ ಹೊಸಬರು ಮಾಡುವ ದೊಡ್ಡ ತಪ್ಪು. "ನೀರು ಕಡಕಾದ್ರೆ ಮೇಲ್ಮೇಲೆ ಹಿಡ್ಕೊಂತದೆ, ಒಳಕ್ಕೆ ಹೋಗಲ್ಲ ಕಣಪ್ಪ. ರೊಟ್ಟಿ ಸೀದು ಒಳಗೆ ಹಸಿ ಇದ್ದಂಗೆ" ಎಂದು ಆ ಹಿರಿಯರು ಹೇಳಿದ್ದು ಸರಿಯಾದ ಮಾತು. ವಿಜ್ಞಾನಿಗಳು ಇದನ್ನೇ ಬೇರೆ ಪದಗಳಲ್ಲಿ ಹೇಳುತ್ತಾರೆ.

ಆಡಿನ ಚರ್ಮಕ್ಕೆ ಎರಡರಿಂದ ಮೂರು ವಾರ ಹಿಡಿಯುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕುತ್ತಿಗೆಯ ಬಳಿ, ಅಂದರೆ ದಪ್ಪ ಇರುವಲ್ಲಿ, ಸಣ್ಣ ಚೂರು ಕತ್ತರಿಸಿ ಅಂಚು ನೋಡಿ. ಮೇಲಿಂದ ಕೆಳತನಕ ಒಂದೇ ಬಣ್ಣವಿದ್ದರೆ ಆಯಿತು. ನಡುವೆ ಬಿಳಿಯ ಗೆರೆ ಕಂಡರೆ ಇನ್ನೂ ಹಸಿ.

ಈ ಹಂತದಲ್ಲಿ ಕಬ್ಬಿಣದ ಬಾಂಡಲಿ, ತಂತಿ, ಮೊಳೆ ಯಾವುದೂ ತಾಗಬಾರದು. ಒಗರಿಗೂ ಕಬ್ಬಿಣಕ್ಕೂ ಕೂಡಿದರೆ ಕಪ್ಪು ಕಲೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ.

ತಂಗಡಿಯ ತೊಗಲಿಗೆ ಒಂದು ಕೊರತೆಯಿದೆ. ಬೆಳಕಿಗೆ ಇಟ್ಟರೆ ದಿನಕಳೆದಂತೆ ಕೆಂಪಗಾಗುತ್ತದೆ. ಅದಕ್ಕೆ ಕೊನೆಯ ಎರಡು ದಿನ ಬೀಜ ತೆಗೆದು ಪುಡಿ ಮಾಡಿದ ಅಳಲೆಕಾಯಿ ಕಾಲು ಕಿಲೋ ನೆನೆಸಿದ ನೀರಿನಲ್ಲಿಡುತ್ತಾರೆ. ಬಣ್ಣ ತಿಳಿಯಾಗಿ ನಿಲ್ಲುತ್ತದೆ. ಅಳಲೆಕಾಯಿ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ.

ಆಮೇಲೆ ತೊಳೆದು, ನೀರು ಹಿಂಡಿ, ಇನ್ನೂ ತೇವ ಇರುವಾಗಲೇ ಹೊಂಗೆ ಎಣ್ಣೆ ಅಥವಾ ಎಳ್ಳೆಣ್ಣೆಯನ್ನು ಎರಡೂ ಬದಿಗೆ ತೆಳುವಾಗಿ ಸವರಿ ನೆರಳಿನಲ್ಲಿ ಎಳೆದು ಕಟ್ಟಬೇಕು. ನೀರು ಹೋದಂತೆ ಎಣ್ಣೆ ಒಳಗೆ ಇಳಿಯುತ್ತದೆ. ಅರ್ಧ ಒಣಗಿದಾಗ ಬಿಚ್ಚಿ, ನೆಟ್ಟ ಗೂಟದ ದುಂಡು ತುದಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಾಡಬೇಕು. ರಟ್ಟೆ ನೋಯುವ ಕೆಲಸ ಇದೊಂದೇ. ಇದನ್ನು ತಪ್ಪಿಸಿದರೆ ಒಂದು ತಿಂಗಳ ಶ್ರಮವೆಲ್ಲ ರಟ್ಟಿನ ಹಾಳೆಯಾಗುತ್ತದೆ.

ಕೂದಲು ಉಳಿಸಿ ಚಾಪೆಯಂತೆ ಹಾಸಲು ಬೇಕಾದವರಿಗೆ ಸುಣ್ಣ, ತಂಗಡಿ ಎರಡೂ ಬೇಡ. ಮಾಂಸದ ಬದಿಯನ್ನು ಚೆನ್ನಾಗಿ ಕೆರೆದು, ಎರಡು ಪಾಲು ಪಟಿಕದ ಪುಡಿಗೆ ಒಂದು ಪಾಲು ಉಪ್ಪು ಸೇರಿಸಿ, ಮೈದಾ ನೀರಿನಲ್ಲಿ ಕಲಸಿ, ಆ ಬದಿಗೆ ಮೆತ್ತಿ ಮಡಚಿಡಬೇಕು. ದಿನಕ್ಕೊಮ್ಮೆ ಕೆರೆದು ಹೊಸದಾಗಿ ಮೆತ್ತುತ್ತಾ ಮೂರು ನಾಲ್ಕು ದಿನ ಮಾಡಿದರೆ ಸಾಕು. ಆದರೆ ಇದು ನೀರಿಗೆ ನಿಲ್ಲುವುದಿಲ್ಲ. ಒಗೆದರೆ ಪಟಿಕ ಹೋಗಿ ಮತ್ತೆ ಹಸಿ ಚರ್ಮವೇ. ತಮಟೆಗೆ, ತೊಗಲುಗೊಂಬೆಗೆ ಬೇಕಾದ ಚರ್ಮವನ್ನಂತೂ ಹದ ಮಾಡುವುದೇ ಇಲ್ಲ. ಕೂದಲು ಕೆರೆದು ಬಿಗಿಯಾಗಿ ಎಳೆದು ಒಣಗಿಸುತ್ತಾರಷ್ಟೆ. ಬೆಳಕು ತೂರಿಬರುವುದು, ನಾದ ಹುಟ್ಟುವುದು ಅದರಿಂದಲೇ. ನಮ್ಮ ಸೀಮೆಯದೇ ಆದ ನಿಮ್ಮಲಕುಂಟದ ಗೊಂಬೆಗಳನ್ನು ನೋಡಿದವರಿಗೆ ಇದು ಗೊತ್ತು. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಕೊಳೆ ನೀರು ಮತ್ತು ಕಾಸಿನ ಲೆಕ್ಕ

ಸುಣ್ಣದ ನೀರನ್ನಾಗಲಿ ತೊಗಟೆಯ ನೀರನ್ನಾಗಲಿ ಕೆರೆಗೆ, ಹಳ್ಳಕ್ಕೆ ಬಿಡಬೇಡಿ. ತೊಗಟೆಯ ನೀರು ಗಿಡದ್ದೇ ಆದರೂ ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯುವನ್ನು ಹೀರಿಬಿಡುತ್ತದೆ, ಮೀನು ಸಾಯುತ್ತವೆ. ಬಾವಿ, ಬೋರ್‌ವೆಲ್‌ಗಳಿಂದ ನೂರು ಅಡಿಗಿಂತ ದೂರ ಒಂದು ಗುಂಡಿ ತೋಡಿ ಅದರಲ್ಲಿ ಇಂಗಿಸಿ. ಕೊಡವಿದ ಉಪ್ಪು ಹೊಲಕ್ಕೆ ಬೀಳಬಾರದು.

ಅಂಗಡಿಯಲ್ಲಿ ಕ್ರೋಮ್ ಪುಡಿ ಸಿಕ್ಕರೆ ಒಂದೇ ದಿನದಲ್ಲಿ ಹದವಾಗುತ್ತದಂತೆ ಎಂದು ಯುವಕರೊಬ್ಬರು ನಮ್ಮನ್ನು ಕೇಳಿದರು. ಆಗುವುದು ನಿಜ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರು ಮದರಾಸಿನಲ್ಲಿ ಈ ಕ್ರಮವನ್ನು ಬಳಕೆಗೆ ತಂದಾಗ ಅದರಿಂದ ಮಾಡಿಸಿದ ವಸ್ತುಗಳಲ್ಲಿ ಕಪಿಲೆಯ ಬಾನಿಯೂ ಒಂದು. ನೀರಿನಲ್ಲಿ ಹೆಚ್ಚು ಕಾಲ ಬಾಳುತ್ತದೆ ಎಂದು. ಅವರು 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿ ಬಂದರು. ಆದರೆ ಕ್ರೋಮ್ ನೀರನ್ನು ಸಂಸ್ಕರಿಸುವ ಏರ್ಪಾಡು ಮನೆಯಲ್ಲಿ ಸಾಧ್ಯವಿಲ್ಲ. ವೆಲ್ಲೂರು, ಆಂಬೂರು, ವಾಣಿಯಂಬಾಡಿಗಳಲ್ಲಿ ಕಾರ್ಖಾನೆಗಳ ನೀರಿನಿಂದ ಪಾಲಾರ್ ನದಿಯ ದಡದ ಬಾವಿಗಳೂ ಹೊಲಗಳೂ ಕೆಟ್ಟು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೆಡಿಸಿದವರೇ ಖರ್ಚು ಕೊಡಬೇಕೆಂದು ನ್ಯಾಯಾಲಯ 1996ರ ಆಗಸ್ಟ್ 28ರಂದು ತೀರ್ಪು ಕೊಟ್ಟಿತು. ತೀರ್ಪು ಬಂತೆಂದು ಕೆಟ್ಟ ಬಾವಿಯ ನೀರು ಮರುದಿನವೇ ಸಿಹಿಯಾಗುವುದಿಲ್ಲ.

ಲಾಭವಿದೆಯೇ ಎಂದು ಕೇಳಿದರೆ, ಒಂದು ತೊಗಲಿಗೆ ಒಂದು ತಿಂಗಳ ಗಮನ ಬೇಕು; ಕೂಲಿ ಲೆಕ್ಕ ಹಾಕಿದರೆ ಗಿಟ್ಟುವುದಿಲ್ಲ. ಮಾರುವ ಆಸೆಯಿಂದ ಯಾರೂ ಸಾಲ ಮಾಡಿ ತೊಟ್ಟಿ ಕಟ್ಟಬೇಡಿ. ಗಂಟೆ ಕಟ್ಟುವ ಪಟ್ಟಿ, ಕುಡುಗೋಲಿನ ಒರೆ, ಪುಸ್ತಕದ ಹೊದಿಕೆ, ಕೈಚೀಲ ಇಷ್ಟಕ್ಕೆ ಆಡಿನ ತೊಗಲು ಚೆನ್ನ. ಮೆಟ್ಟಿನ ಅಟ್ಟೆಗೆ ಇದು ತೆಳುವಾಯಿತು. ಹತ್ತಾರು ಚರ್ಮ ಒಟ್ಟಿಗೆ ಸಿಗುವ ಮನೆಗಳವರು ಉಪ್ಪು ಹಾಕಿ ಕೆಡದಂತೆ ಇಟ್ಟು ವ್ಯಾಪಾರಿಗೆ ಕೊಡುವುದೇ ಮೇಲು. ಕಸುಬಾಗಿ ಕಲಿಯಲೇಬೇಕೆನ್ನುವವರು ಚೆನ್ನೈನ ಅಡಯಾರಿನಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಬಹುದು.

ಮೊದಲ ಸಲ ಮಾಡುವವರು ಮಳೆ ನಿಂತ ಮೇಲೆ, ಚಳಿ ಶುರುವಾಗುವ ಹೊತ್ತಿಗೆ ಹಿಡಿಯುವುದು ಒಳ್ಳೆಯದು. ತೊಗಟೆಯೂ ಸಿಕ್ಕಿರುತ್ತದೆ, ಬಾವಿಯಲ್ಲಿ ನೀರೂ ಇರುತ್ತದೆ, ಬೇಸಿಗೆಯ ಹಾಗೆ ಚರ್ಮ ಬೇಗ ಕೆಡುವುದೂ ಇಲ್ಲ. ಕ್ರಿಸ್ಮಸ್ ಹಬ್ಬದ ಚರ್ಮ ಫೆಬ್ರವರಿಯ ಹೊತ್ತಿಗೆ ತೊಗಲಾಗಿ ಕೈಗೆ ಬರುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹಳೆಯ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಮಳೆಗಾಲ ಕಳೆದ ಮೇಲೆ ಒಂದು ಸಲ ಎಣ್ಣೆ ಸವರಿ.